ಎಚ್-ವಿಯಲ್ಲಿ 97%, 45 ಡಿಗ್ರಿಯಲ್ಲಿ 40%: ಫೋಟಾನ್ ಜೋಡಿ ಎಲ್ಲಿ ಕೆಡ್ತಿದೆ ಅಂತ ಹಿಡಿಯೋದು ಹೇಗೆ

ಎಂಟ್ಯಾಂಗಲ್ಡ್ ಫೋಟಾನ್ ಸೋರ್ಸ್, ಅಂದ್ರೆ ಪೋಲರೈಸೇಷನ್ (ಬೆಳಕು ಕಂಪಿಸೋ ದಿಕ್ಕು) ಒಂದಕ್ಕೊಂದು ತಳುಕು ಹಾಕ್ಕೊಂಡಿರೋ ಫೋಟಾನ್ ಜೋಡಿ ಹುಟ್ಟಿಸೋ ಸೆಟಪ್, ಕಟ್ಟೋರಿಗೆ ಒಂದಲ್ಲ ಒಂದ್ಸಲ ಬಂದೇ ಬರೋ ತೊಂದರೆ ಇದು. ಸೆಟಪ್ ಮಾಮೂಲಿದೇ, 405 ನ್ಯಾನೋಮೀಟರ್ ಡಯೋಡ್ ಲೇಸರ್ (ಪಂಪ್ ಅನ್ನೋದು ಇದನ್ನೇ), ಒಂದಕ್ಕೊಂದು 90 ಡಿಗ್ರಿ ತಿರುಗಿಸಿ ಜೋಡಿಸಿರೋ ಅರ್ಧ ಮಿಲಿಮೀಟರ್‌ನ ಎರಡು ಬಿಬಿಒ ಕ್ರಿಸ್ಟಲ್ (ಒಂದು ಪಂಪ್ ಫೋಟಾನ್‌ನ ಒಡೆದು ಎರಡು ಮಾಡೋ ಹರಳು), ಅಲ್ಲಿಂದ ಆಚೆಗೆ 3 ಡಿಗ್ರಿ ಈಚೆಗೆ 3 ಡಿಗ್ರಿ ಹೊರಡೋ 810 ನ್ಯಾನೋಮೀಟರ್ ಫೋಟಾನ್ ಜೋಡಿ, ಎರಡೂ ಕಡೆ ಒಂದೊಂದು ಪೋಲರೈಸರ್, ಒಂದು ಫಿಲ್ಟರ್, ಒಂದು ಸಿಲಿಕಾನ್ ಡಿಟೆಕ್ಟರ್. ಕ್ವಿಯಟ್ ಮತ್ತು ಜೊತೆಗಾರರು 1999ರಲ್ಲಿ ತೋರಿಸಿದ ಡಿಸೈನ್, ಈಗ ಎಂಎಸ್ಸಿ ಲ್ಯಾಬ್‌ಗಳಲ್ಲೂ ಇದನ್ನೇ ಕಟ್ತಾರೆ. ಒಂದು ಪೋಲರೈಸರ್ ಎಚ್‌ನಲ್ಲಿ ಅಂದ್ರೆ ಅಡ್ಡಕ್ಕೆ (ವಿ ಅಂದ್ರೆ ಉದ್ದಕ್ಕೆ) ಇಟ್ಟು ಇನ್ನೊಂದನ್ನ ತಿರುಗಿಸಿದ್ರೆ ಕೋಇನ್ಸಿಡೆನ್ಸ್, ಅಂದ್ರೆ ಎರಡೂ ಡಿಟೆಕ್ಟರ್ ಒಟ್ಟಿಗೇ ಕ್ಲಿಕ್ ಆಗೋ ಎಣಿಕೆ, ಚೆನ್ನಾಗಿ ಏರತ್ತೆ ಇಳಿಯತ್ತೆ, ವಿಸಿಬಿಲಿಟಿ (ಅತಿ ಹೆಚ್ಚು ಅತಿ ಕಮ್ಮಿ ಎಣಿಕೆಗಳ ವ್ಯತ್ಯಾಸವನ್ನ ಅವುಗಳ ಮೊತ್ತದಿಂದ ಭಾಗಿಸಿದ್ದು) 97% ಬರತ್ತೆ, ಖುಷಿ ಆಗತ್ತೆ. ಅದೇ ಮೊದಲನೇದನ್ನ 45 ಡಿಗ್ರಿಗೆ ಇಟ್ಟು ತಿರುಗಿಸಿದ್ರೆ 40% ಮೇಲೆ ಹೋಗಲ್ಲ ಅಂತ ಹಟ ಹಿಡಿಯತ್ತೆ. ಬೆಲ್ ಇನ್‌ಇಕ್ವಾಲಿಟಿ (ಕ್ವಾಂಟಮ್ ಅಲ್ಲದ ಮಾಮೂಲಿ ವಿವರಣೆ ಕೋರಿಲೇಷನ್‌ಗೆ ಹಾಕೋ ಮಿತಿ) ಮುರಿಯೋಕೆ ಕನಿಷ್ಠ 71% ಬೇಕು, ಹಾಗಾಗಿ ಎಲ್ರೂ ಗಾಬರಿಯಾಗಿ ಸೀದಾ ಹೋಗಿ ಕೈ ಹಾಕೋದು ಕ್ರಿಸ್ಟಲ್‌ಗೇ.

ಅಲ್ಲಿಗೆ ಮಾತ್ರ ಕೈ ಹಾಕ್ಬೇಡಿ. ಕ್ರಿಸ್ಟಲ್ ಅಲ್ಲಾಡಿಸಿದ್ರೆ ಹಳೇ ತೊಂದರೆ ಜೊತೆ ಹೊಸದೊಂದು ಸೇರ್ಕೊಳ್ಳತ್ತೆ, ಆಮೇಲೆ ಯಾವುದು ಯಾವುದರಿಂದ ಅಂತ ಗೊತ್ತಾಗಲ್ಲ. ಮೊದಲು ಒಂದೇ ಒಂದು ಪ್ರಶ್ನೆಗೆ ಉತ್ತರ ಬೇಕು: ಫೇಸ್ (ಎರಡೂ ಎಚ್ ಇರೋ ಎಚ್ಎಚ್ ಮತ್ತು ಎರಡೂ ವಿ ಇರೋ ವಿವಿ ತರಂಗಗಳು ಒಂದಕ್ಕೊಂದು ಎಷ್ಟು ಹಿಂದೆ ಮುಂದೆ ಅನ್ನೋ ಕೋನ) ತಪ್ಪಾಗಿದ್ಯಾ, ಇಲ್ಲಾ ಸ್ಟೇಟೇ (ಜೋಡಿಯ ಕ್ವಾಂಟಮ್ ಸ್ಥಿತಿಯೇ) ಕಲಸಿಹೋಗಿದ್ಯಾ? ಎರಡೂ 45 ಡಿಗ್ರಿಯಲ್ಲಿ ನೋಡೋಕೆ ಒಂದೇ ತರ ಕಾಣ್ತವೆ, ಆದ್ರೆ ಮದ್ದು ಬೇರೆ ಬೇರೆ. ಗಡಿಯಾರ 20 ನಿಮಿಷ ಮುಂದಿದ್ರೆ ಮುಳ್ಳು ತಿರುಗಿಸಿದ್ರೆ ಆಯ್ತು, ಮುಳ್ಳೇ ಮನಸ್ಸಿಗೆ ಬಂದಂಗೆ ಓಡ್ತಿದ್ರೆ ಎಷ್ಟು ತಿರುಗಿಸಿದ್ರೂ ಪ್ರಯೋಜನ ಇಲ್ಲ, ಅಷ್ಟೇ ವ್ಯತ್ಯಾಸ.

ಎಚ್-ವಿಯೇ ಚೆನ್ನಾಗಿಲ್ಲ ಅಂದ್ರೆ

ಇಲ್ಲಿಂದ ಮುಂದೆ ಹೇಳೋದೆಲ್ಲ ಎಚ್-ವಿ ವಿಸಿಬಿಲಿಟಿ 95% ಮೇಲಿದೆ ಅನ್ನೋ ಲೆಕ್ಕದಲ್ಲಿ. ಅದೇ ಕೆಟ್ಟಿದ್ರೆ ಕ್ವಾಂಟಮ್ ಕಡೆ ತಲೆ ಕೆಡಿಸ್ಕೋಬೇಡಿ, ಮಾಮೂಲಿ ಆಪ್ಟಿಕ್ಸ್ ಅಥವಾ ಎಲೆಕ್ಟ್ರಾನಿಕ್ಸ್ ತಪ್ಪು ಅದು.

ಮೊದಲು ಆಕ್ಸಿಡೆಂಟಲ್ಸ್ ಲೆಕ್ಕ ಹಾಕಿ, ಅಂದ್ರೆ ಸಂಬಂಧವೇ ಇಲ್ಲದ ಎರಡು ಕ್ಲಿಕ್ ಒಂದೇ ವಿಂಡೋದಲ್ಲಿ (ಒಟ್ಟಿಗೇ ಬಂತು ಅಂತ ಲೆಕ್ಕ ಹಿಡಿಯೋ ಪುಟ್ಟ ಸಮಯ) ಬಿದ್ದು ಜೋಡಿ ಅಂತ ಎಣಿಕೆ ಆಗೋದು. ಎರಡೂ ಕಡೆಯ ಸಿಂಗಲ್ಸ್ (ಒಂದೊಂದು ಡಿಟೆಕ್ಟರ್‌ನ ಒಟ್ಟು ಕ್ಲಿಕ್) ಗುಣಿಸಿ ವಿಂಡೋ ಅಗಲದಿಂದ ಗುಣಿಸಿದ್ರೆ ಬರತ್ತೆ. ಸೆಕೆಂಡಿಗೆ 50,000 ಮತ್ತು 50,000, ವಿಂಡೋ 10 ನ್ಯಾನೋಸೆಕೆಂಡ್ ಇದ್ರೆ ಸೆಕೆಂಡಿಗೆ 25. ನಿಜವಾದ ಜೋಡಿ 500 ಇದ್ರೆ ಮೇಲೆ 525 ಕೆಳಗೆ 25, ಸ್ಟೇಟ್ ಎಷ್ಟೇ ಪರ್ಫೆಕ್ಟ್ ಆಗಿದ್ರೂ ವಿಸಿಬಿಲಿಟಿ 91% ದಾಟಲ್ಲ. ಸಿಂಗಲ್ಸ್ ಎರಡೂ ಕಡೆ 2 ಲಕ್ಷಕ್ಕೆ ಹೋದ್ರೆ ಆಕ್ಸಿಡೆಂಟಲ್ಸ್ 400, ಆಗ ಏನೂ ನೋಡೋಕಾಗಲ್ಲ. ಇದರ ಗುರುತು ಏನಂದ್ರೆ ಎಚ್-ವಿ ಮತ್ತು 45 ಡಿಗ್ರಿ ಎರಡನ್ನೂ ಒಂದೇ ಸಮ ಹೊಡೆಯತ್ತೆ. ಸಿಂಗಲ್ಸ್ ಜಾಸ್ತಿ, ಕೋಇನ್ಸಿಡೆನ್ಸ್ ಕಮ್ಮಿ ಅಂದ್ರೆ ಲೇಸರ್ ಮುಚ್ಚಿ ನೋಡಿ, ಆಗಲೂ ಸಾವಿರಗಟ್ಟಲೆ ಬರ್ತಿದ್ರೆ ರೂಮಿನ ಬೆಳಕು ಒಳಗೆ ಬರ್ತಿದೆ, ಮಾನಿಟರ್ ಮತ್ತು ಪವರ್ ಸಪ್ಲೈ ಮೇಲಿನ ಪುಟ್ಟ ಎಲ್‌ಇಡಿಗಳನ್ನೂ ಬಿಡ್ಬೇಡಿ, ಕಪ್ಪು ಟೇಪ್ ಹಾಕಿ. (ಡಿಟೆಕ್ಟರ್ ಆನ್ ಇರುವಾಗ ಟ್ಯೂಬ್‌ಲೈಟ್ ಹಾಕೋ ಮಹಾನುಭಾವರಿಗೆ ಅಂತ ಸ್ವಿಚ್ ಮೇಲೇ ಒಂದು ಚೀಟಿ ಅಂಟಿಸಿಡಿ, ಒಂದು ಮಾಡ್ಯೂಲ್ ಹೋದ್ರೆ ಲಕ್ಷಗಳ ಮಾತು.)

ಕೋಇನ್ಸಿಡೆನ್ಸ್ ಬರೀ ಆಕ್ಸಿಡೆಂಟಲ್ಸ್‌ನಷ್ಟೇ ಇದ್ರೆ ಕೇಬಲ್ ನೋಡಿ. ಕೋಆಕ್ಸ್ ಕೇಬಲ್‌ನಲ್ಲಿ ಮೀಟರಿಗೆ ಸುಮಾರು 5 ನ್ಯಾನೋಸೆಕೆಂಡ್ ತಡ. ಒಂದು ಕಡೆ 1 ಮೀಟರ್ ಇನ್ನೊಂದು ಕಡೆ 4 ಮೀಟರ್ ಹಾಕಿದ್ರೆ 15 ನ್ಯಾನೋಸೆಕೆಂಡ್ ವ್ಯತ್ಯಾಸ, ವಿಂಡೋ 10 ಇದ್ರೆ ನಿಜವಾದ ಜೋಡಿಗಳೆಲ್ಲ ಹೊರಗೇ ಉಳೀತವೆ.

ಇನ್ನು ಪೋಲರೈಸರ್. ಸಾಮಾನ್ಯ ಪೋಲರಾಯ್ಡ್ ಹಾಳೆ ಕಣ್ಣಿಗೆ ಕಾಣೋ ಬೆಳಕಿಗೆ ಮಾಡಿರೋದು, 810ರಲ್ಲಿ ಅದು ಹೆಚ್ಚುಕಮ್ಮಿ ಬರೀ ಗಾಜು. ನಂಬಿಕೆ ಬರಲಿಲ್ಲ ಅಂದ್ರೆ ಎರಡು ಹಾಳೆ ಅಡ್ಡಡ್ಡ ಇಟ್ಟು ಪೂರ್ತಿ ಕಪ್ಪಾದ ಮೇಲೆ ಹಿಂದಿನಿಂದ ಟಿವಿ ರಿಮೋಟ್ ಒತ್ತಿ, ಮುಂದಿನಿಂದ ಫೋನಿನ ಸೆಲ್ಫಿ ಕ್ಯಾಮೆರಾದಲ್ಲಿ ನೋಡಿ, ರಿಮೋಟ್ ಬಲ್ಬು ಆರಾಮಾಗಿ ಮಿಣುಕ್ತಾ ಇರತ್ತೆ. ಪೋಲರೈಸಿಂಗ್ ಕ್ಯೂಬ್ ಬಳಸ್ತಿದ್ರೆ ದಾಟಿ ಹೋಗೋ ಕಡೆಯದ್ದನ್ನ ನಂಬಿ, ಪ್ರತಿಫಲಿಸಿ ಬರೋ ಕಡೆಗೆ ಬೇರೆ ಪೋಲರೈಸೇಷನ್ ಸ್ವಲ್ಪ ಸೋರ್ತಾನೇ ಇರತ್ತೆ.

ವೇವ್ ಪ್ಲೇಟ್, ಅಂದ್ರೆ ಎರಡು ಪೋಲರೈಸೇಷನ್ ನಡುವೆ ಇಂತಿಷ್ಟು ಫೇಸ್ ಸೇರಿಸೋ ಪ್ಲೇಟ್, ಅದರ ಬಗ್ಗೆ ಒಂದು ಮಾತು. 780ಕ್ಕೆ ಮಾಡಿದ ಜೀರೋ ಆರ್ಡರ್ ಹಾಫ್ ವೇವ್ ಪ್ಲೇಟ್ ಬೀರುವಿನಲ್ಲಿ ಸಿಕ್ತು ಅಂತ 810ಕ್ಕೆ ಹಾಕಿದ್ರೆ 180 ಡಿಗ್ರಿ ಬದಲು 173 ಆಗತ್ತೆ, ಅಷ್ಟೇನೂ ಕೆಡಲ್ಲ. ಆದ್ರೆ ಅದು ಮಲ್ಟಿ ಆರ್ಡರ್ (ಅರ್ಧ ವೇವ್ ಜೊತೆ ಹಲವು ಪೂರ್ತಿ ವೇವ್ ಸೇರಿರೋದು) ಆಗಿದ್ರೆ ಕತೆ ಮುಗೀತು, 780ರಲ್ಲಿ 10.5 ವೇವ್ ಇದ್ದಿದ್ದು 810ರಲ್ಲಿ ಸುಮಾರು 10.11 ಆಗತ್ತೆ, ಅಂದ್ರೆ ಅದು ಹಾಫ್ ವೇವ್ ಪ್ಲೇಟೇ ಅಲ್ಲ. ರಿಂಗ್ ಮೇಲೆ ಬರೆದಿರೋದನ್ನ ಓದಿ. ಹಾಗೇ ಹಾಫ್ ವೇವ್ ಪ್ಲೇಟ್ 22.5 ತಿರುಗಿಸಿದ್ರೆ ಪೋಲರೈಸೇಷನ್ 45 ತಿರುಗತ್ತೆ ಅನ್ನೋದು ಗೊತ್ತಿದ್ರೂ ಪಂಪ್ ಕಡೆ ಪ್ಲೇಟ್‌ನ 45ಕ್ಕೆ ಇಟ್ಟು ಒಂದೇ ಕ್ರಿಸ್ಟಲ್ ಓಡಿಸ್ತಾ ಕೂರೋರು ಬೇಕಾದಷ್ಟು ಜನ ಇದ್ದಾರೆ.

ಸಿಂಗಲ್ಸ್ ಏನು ಹೇಳತ್ತೆ

ಒಂದು ಪೋಲರೈಸರ್ ಪೂರ್ತಿ ಒಂದು ಸುತ್ತು ತಿರುಗಿಸಿ, ಆ ಕಡೆಯ ಸಿಂಗಲ್ಸ್ ಮಾತ್ರ ಬರ್ಕೊಳ್ಳಿ. ಸರಿಯಾದ ಎಂಟ್ಯಾಂಗಲ್ಡ್ ಸ್ಟೇಟ್‌ನಲ್ಲಿ ಒಂದೇ ಫೋಟಾನ್ ನೋಡಿದ್ರೆ ಅದಕ್ಕೆ ಯಾವ ಪೋಲರೈಸೇಷನ್ನೂ ಇರಲ್ಲ, ಹಾಗಾಗಿ ಎಣಿಕೆ ಹೆಚ್ಚುಕಮ್ಮಿ ಸಪಾಟಾಗಿರಬೇಕು. ಏರಿಳಿತ ಇದ್ರೆ ಎಷ್ಟು ಸಲ ಅಂತ ನೋಡಿ. ಒಂದು ಸುತ್ತಿಗೆ ಎರಡು ಸಲ ಏರಿ ಇಳಿದ್ರೆ ಅದು ನಿಜವಾದ ಪೋಲರೈಸೇಷನ್, ಅಂದ್ರೆ ಎಚ್ಎಚ್ ಜೋಡಿ ಮತ್ತು ವಿವಿ ಜೋಡಿ ಸಮ ಇಲ್ಲ. ಒಂದು ಸುತ್ತಿಗೆ ಒಂದೇ ಸಲ ಏರಿ ಇಳಿದ್ರೆ ಅದಕ್ಕೂ ಪೋಲರೈಸೇಷನ್‌ಗೂ ಸಂಬಂಧ ಇಲ್ಲ, ಪೋಲರೈಸರ್ ಗಾಜು ಕೊಂಚ ಓರೆ ಇದೆ, ತಿರುಗಿದಂಗೆ ಬೀಮ್ ಸುತ್ತು ಹಾಕಿ ಫೈಬರ್ ಬಾಯಿಂದ ಆಚೆ ಈಚೆ ಹೋಗ್ತಿದೆ. ಈ ಒಂದು ಪರೀಕ್ಷೆ ಐದು ನಿಮಿಷದ ಕೆಲಸ, ಇದನ್ನ ಬಿಟ್ಟು ಇಡೀ ದಿನ ಪಂಪ್ ಬ್ಯಾಲೆನ್ಸ್ ಮಾಡ್ತಾ ಕೂತ್ರೆ ಏನೂ ಬಗೆಹರಿಯಲ್ಲ.

ಬ್ಯಾಲೆನ್ಸ್ ಅಂದ ಕೂಡ್ಲೇ ಹೇಳ್ಬೇಕು, 45 ಡಿಗ್ರಿಯಲ್ಲಿ 40% ಬಂದ್ರೆ ಎಲ್ರೂ ಮೊದಲು ಅನುಮಾನ ಪಡೋದು ಇದನ್ನೇ. ಲೆಕ್ಕ ಹಾಕಿ ನೋಡಿ. ಎಚ್ಎಚ್ 2 ಪಾಲು ವಿವಿ 1 ಪಾಲು ಇದ್ರೂ ಎರಡೂ ಕಡೆ ಪ್ಲಸ್-ಮೈನಸ್ 45ರಲ್ಲಿ ಅಳೆದ ವಿಸಿಬಿಲಿಟಿ 94% ಇರತ್ತೆ. 3ಕ್ಕೆ 1 ಇದ್ರೆ 87%, 9ಕ್ಕೆ 1 ಇದ್ರೂ 60%. 40%ಗೆ ಇಳೀಬೇಕಂದ್ರೆ ಸುಮಾರು 23ಕ್ಕೆ 1 ಆಗಿರಬೇಕು, ಅಷ್ಟು ಕೆಟ್ಟಿದ್ರೆ ಎಣಿಕೆ ನೋಡಿದ ತಕ್ಷಣ ಗೊತ್ತಾಗತ್ತೆ. ಹಾಗಾಗಿ ಎಚ್ಎಚ್ 480, ವಿವಿ 520 ಅಂತಿದ್ರೆ ಅದನ್ನ ತಿದ್ದೋಕೆ ಹೋಗ್ಬೇಡಿ, ನಿಮ್ಮ ಕಳ್ಳ ಅಲ್ಲಿಲ್ಲ.

ಫೇಸಾ, ಕಲಸಿಹೋಗಿದ್ಯಾ

ಕ್ರಿಸ್ಟಲ್ ಜೋಡಿಯಿಂದ ಬರೋದು ಎಚ್ಎಚ್ ಮತ್ತು ವಿವಿ ಸೇರಿದ ಸೂಪರ್‌ಪೊಸಿಷನ್, ನಡುವೆ ಒಂದು ಫೇಸ್ ಇರತ್ತೆ, ಅದನ್ನ ಫೈ ಅನ್ನೋಣ. 45 ಡಿಗ್ರಿ ಕೋರಿಲೇಷನ್ ಅಂದ್ರೆ ಎರಡೂ ಕಡೆ ಪ್ಲಸ್ 45, ಮೈನಸ್ 45 ಇಟ್ಟು ನಾಲ್ಕು ಎಣಿಕೆ ತಗೊಂಡು, ಒಂದೇ ತರ ಬಂದಿದ್ದರಲ್ಲಿ ಬೇರೆ ಬೇರೆ ಬಂದಿದ್ದು ಕಳೆದು ಒಟ್ಟು ಮೊತ್ತದಿಂದ ಭಾಗಿಸೋದು. ಇದು ಫೈನ ಕೊಸೈನ್‌ಗೆ ತಕ್ಕಂತೆ ಬರತ್ತೆ. ಫೈ 60 ಡಿಗ್ರಿ ಇದ್ರೆ ಅರ್ಧ, 90 ಇದ್ರೆ ಸೊನ್ನೆ. ಸ್ಟೇಟ್ ಅಪ್ಪಟ ಎಂಟ್ಯಾಂಗಲ್ಡ್ ಆಗಿದ್ರೂ 45 ಡಿಗ್ರಿಯಲ್ಲಿ ಸೊನ್ನೆ ಕಾಣತ್ತೆ, ಇದೇ ಮೋಸ.

ಈಗ ಮಾಡ್ಬೇಕಾಗಿದ್ದು ಇಷ್ಟೇ. ಒಂದೇ ಒಂದು ಕಡೆ, ಪೋಲರೈಸರ್‌ಗೆ ಮುಂಚೆ 810ರ ಕ್ವಾರ್ಟರ್ ವೇವ್ ಪ್ಲೇಟ್ ಇಡಿ, ಅದರ ಆಕ್ಸಿಸ್ ಸರಿಯಾಗಿ ಎಚ್‌ಗೆ ಹೊಂದಿರಲಿ. ಪೋಲರೈಸರ್‌ಗಳು ಇದ್ದಲ್ಲೇ ಪ್ಲಸ್ ಮೈನಸ್ 45ರಲ್ಲೇ ಇರಲಿ. ಈಗ ಆ ಕಡೆ ನೀವು ಅಳೀತಿರೋದು ಸರ್ಕ್ಯುಲರ್ ಪೋಲರೈಸೇಷನ್, ಇನ್ನೊಂದು ಕಡೆ ಮೊದಲಿನ 45. ಅದೇ ನಾಲ್ಕು ಎಣಿಕೆ ಮತ್ತೆ ತಗೊಳ್ಳಿ, ಅದೇ ಭಾಗಾಕಾರ ಮಾಡಿ. ಈ ನಂಬರ್ ಫೈನ ಸೈನ್‌ಗೆ ತಕ್ಕಂತೆ ಬರತ್ತೆ. ಎರಡೂ ನಂಬರ್ ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೆದ್ರೆ ಫೈ ಹೊರಟುಹೋಗತ್ತೆ, ಉಳಿಯೋದು ನಿಜವಾದ ಕೊಹೆರೆನ್ಸ್, ಅಂದ್ರೆ ಸ್ಟೇಟ್ ಎಷ್ಟು ಕಲಸದೆ ಉಳಿದಿದೆ ಅನ್ನೋದು.

ಉದಾಹರಣೆಗೆ ಪ್ಲೇಟ್ ಇಲ್ದೆ 0.40, ಪ್ಲೇಟ್ ಇಟ್ಟಾಗ 0.87 ಬಂದ್ರೆ ವರ್ಗಮೂಲ 0.96. ಅಂದ್ರೆ ನಿಮ್ಮ ಸೋರ್ಸ್ ಬಂಗಾರದಂಗಿದೆ, ಫೈ ಮಾತ್ರ 65 ಡಿಗ್ರಿಯಲ್ಲಿ ಕೂತಿದೆ. ಪ್ಲೇಟ್ ಇಲ್ದೆ 0.40, ಇಟ್ಟಾಗ 0.10 ಬಂದ್ರೆ ವರ್ಗಮೂಲ 0.41, ಸ್ಟೇಟ್ ನಿಜವಾಗ್ಲೂ ಕಲಸಿಹೋಗಿದೆ.

ಇಲ್ಲೊಂದು ಗುಂಡಿ ಇದೆ. ಒಂದು ಕಡೆ ಯಾಕೆ, ಎರಡೂ ಕಡೆ ಕ್ವಾರ್ಟರ್ ವೇವ್ ಪ್ಲೇಟ್ ಇಟ್ಟು ಸರ್ಕ್ಯುಲರ್-ಸರ್ಕ್ಯುಲರ್ ಅಳೆದ್ರೆ ಇನ್ನೂ ಚೆಂದ ಅಲ್ವಾ ಅನ್ಸತ್ತೆ. ಆದ್ರೆ ಅದು ಕೊಡೋದು ಮತ್ತೆ ಕೊಸೈನ್ ಫೈನೇ, ಪ್ಲಸ್-ಮೈನಸ್ ಗುರುತು ಮಾತ್ರ ಉಲ್ಟಾ. 45 ಡಿಗ್ರಿಯಲ್ಲಿ 0.40, ಸರ್ಕ್ಯುಲರ್‌ನಲ್ಲೂ ಗುರುತು ಬಿಟ್ರೆ 0.40, ಹಾಗಾದ್ರೆ ಸ್ಟೇಟ್ ಹಾಳಾಗಿದೆ ಅಂತ ತೀರ್ಮಾನ ಮಾಡಿ ಕ್ರಿಸ್ಟಲ್ ಬಿಚ್ಚೋರು ಇದ್ದಾರೆ. ಎರಡು ಸಲ ಒಂದೇ ಪ್ರಶ್ನೆ ಕೇಳಿ ಒಂದೇ ಉತ್ತರ ಬಂತು ಅಷ್ಟೇ.

ಎಣಿಕೆ ಸಾಕಷ್ಟು ತಗೊಳ್ಳಿ. ಎಣಿಕೆ ಎಷ್ಟೋ ಅದರ ವರ್ಗಮೂಲದಷ್ಟು ಅಲುಗಾಟ ಇದ್ದೇ ಇರತ್ತೆ, ಕೆಳಗಡೆ 9 ಎಣಿಕೆ ಬಂದಿದ್ರೆ ಅದು 6 ಇರಬಹುದು 12 ಇರಬಹುದು. ಒಂದೊಂದು ಸೆಟ್ಟಿಂಗ್‌ಗೆ 10 ಸೆಕೆಂಡಾದ್ರೂ ಕೊಡಿ.

ಸ್ಪಿನ್ ಎಲ್ಲಿ ಬಂತು ಇದರಲ್ಲಿ

ಸರ್ಕ್ಯುಲರ್ ಅಂದಾಗ ಬಲ ಯಾವುದು ಎಡ ಯಾವುದು ಅನ್ನೋ ಜಗಳ ಶುರುವಾಗತ್ತೆ, ಅದಕ್ಕೆ ಸ್ಪಿನ್ (ಕಣಕ್ಕೆ ತಾನಾಗೇ ಇರೋ ಕೋನೀಯ ಸಂವೇಗ) ಇಟ್ಕೊಂಡು ಯೋಚಿಸಿದ್ರೆ ಸುಲಭ. ಫೋಟಾನ್ ಹೋಗೋ ದಿಕ್ಕಿನಲ್ಲಿ ಅದರ ಸ್ಪಿನ್ ಅಳೆದ್ರೆ ಬರೋದು ಪ್ಲಸ್ ಎಚ್-ಬಾರ್ (ಪ್ಲಾಂಕ್ ಸ್ಥಿರಾಂಕವನ್ನ 2 ಪೈಯಿಂದ ಭಾಗಿಸಿದ್ದು) ಇಲ್ಲಾ ಮೈನಸ್ ಎಚ್-ಬಾರ್, ಎರಡೇ. ಸ್ಪಿನ್ 1 ಇದ್ದು ಮಾಸ್ ಕೂಡ ಇರೋ ಕಣಗಳಿಗೆ ನಡುವೆ ಸೊನ್ನೆನೂ ಇರತ್ತೆ, ಫೋಟಾನ್‌ಗೆ ಮಾಸ್ ಇಲ್ಲ, ಹಾಗಾಗಿ ಆ ಸೊನ್ನೆ ಇಲ್ಲ. ಎರಡು ಸರ್ಕ್ಯುಲರ್ ಪೋಲರೈಸೇಷನ್ ಅಂದ್ರೆ ಇವೇ ಎರಡು. ಎಚ್ ಅಥವಾ ವಿ ಅನ್ನೋದು ಇವೆರಡರ ಸಮಪಾಲು ಸೂಪರ್‌ಪೊಸಿಷನ್, ಹಾಗಾಗಿ ಎಚ್ ಫೋಟಾನ್‌ನ ಸ್ಪಿನ್ ಸೊನ್ನೆ ಅಂತ ಹೇಳೋದು ತಪ್ಪು, ಅಳೆದಾಗೆಲ್ಲ ಪ್ಲಸ್ ಅಥವಾ ಮೈನಸ್ ಸಿಗತ್ತೆ, ಸರಾಸರಿ ಮಾತ್ರ ಸೊನ್ನೆ.

ಇದು ಬರೀ ಗಣಿತ ಅಲ್ಲ. 1931ರಲ್ಲಿ ರಾಮನ್ ಮತ್ತು ಭಗವಂತಂ ಕಲ್ಕತ್ತೆಯಲ್ಲಿ ಚದುರಿದ ಬೆಳಕು ಎಷ್ಟು ಡಿಪೋಲರೈಸ್ ಆಗಿದೆ ಅಂತ ಅಳೆದು ಫೋಟಾನ್‌ಗೆ ಸ್ಪಿನ್ ಇದೆ ಅಂತ ವಾದ ಮಾಡಿದ್ರು. 1936ರಲ್ಲಿ ಬೆತ್ ಕ್ವಾರ್ಟ್ಜ್ ಎಳೆಯಲ್ಲಿ ಹಾಫ್ ವೇವ್ ಪ್ಲೇಟ್ ತೂಗುಹಾಕಿ ಸರ್ಕ್ಯುಲರ್ ಬೆಳಕು ಬಿಟ್ಟು ಪ್ಲೇಟೇ ತಿರುಚಿಕೊಳ್ಳೋದನ್ನ ಅಳೆದ. ಹಾಫ್ ವೇವ್ ಪ್ಲೇಟ್ ಪ್ಲಸ್‌ನ ಮೈನಸ್ ಮಾಡತ್ತೆ, ಹಾಗಾಗಿ ಒಂದೊಂದು ಫೋಟಾನ್ ಪ್ಲೇಟ್‌ಗೆ 2 ಎಚ್-ಬಾರ್ ಕೊಟ್ಟು ಹೋಗತ್ತೆ. ನಿಮ್ಮ ಟೇಬಲ್ ಮೇಲಿನ ಪ್ಲೇಟೂ ಅದೇ ಕೆಲಸ ಮಾಡ್ತಿದೆ, ಮೌಂಟ್‌ಗೆ ಬಿಗಿದಿರೋದ್ರಿಂದ ಕಾಣಲ್ಲ.

ದೋಷ ಹುಡುಕೋಕೆ ಇದರಿಂದ ಸಿಗೋ ಉಪಯೋಗ ಕನ್ನಡಿ ವಿಷಯದಲ್ಲಿ. ಬೆಳಕು ನೇರವಾಗಿ ಕನ್ನಡಿಗೆ ಬಡಿದು ವಾಪಸ್ ಬಂದಾಗ ಸ್ಪಿನ್ ಇದ್ದ ದಿಕ್ಕಲ್ಲೇ ಇರತ್ತೆ, ಹೋಗೋ ದಿಕ್ಕು ಮಾತ್ರ ತಿರುಗತ್ತೆ, ಹಾಗಾಗಿ ಹೋಗೋ ದಿಕ್ಕಿಗೆ ಹೋಲಿಸಿದ್ರೆ ಪ್ಲಸ್ ಇದ್ದಿದ್ದು ಮೈನಸ್, ಬಲ ಇದ್ದಿದ್ದು ಎಡ. ಒಂದು ಕಡೆ ಒಂದು ಕನ್ನಡಿ, ಇನ್ನೊಂದು ಕಡೆ ಕನ್ನಡಿನೇ ಇಲ್ಲ ಅಂದ್ರೆ ನಿಮ್ಮ ಪ್ಲಸ್-ಮೈನಸ್ ಅದಲುಬದಲಾಗಿರತ್ತೆ. ಮೇಲಿನ ಪರೀಕ್ಷೆಯಲ್ಲಿ ವರ್ಗ ಮಾಡ್ತೀವಲ್ಲ, ಅದಕ್ಕೆ ಇದರಿಂದ ತೊಂದರೆ ಇಲ್ಲ. ತೊಂದರೆ ಕೊಡೋದು ಕೊನೆಯಲ್ಲಿ, ಬೆಲ್ ಟೆಸ್ಟ್ ಹೊತ್ತಿಗೆ.

ಫೇಸ್ ತಪ್ಪಿದ್ರೆ

ಇದು ಸುಲಭದ್ದು. ಪಂಪ್ ದಾರಿಯಲ್ಲಿ, ಕ್ರಿಸ್ಟಲ್‌ಗೆ ಮುಂಚೆ, ಆಕ್ಸಿಸ್ ಎಚ್‌ಗೆ ಹೊಂದಿರೋ ಒಂದು ಕ್ವಾರ್ಟ್ಜ್ ಪ್ಲೇಟ್ ಇಟ್ಟು ನಿಧಾನ ಓರೆ ಮಾಡ್ತಾ ಹೋಗಿ. ಎರಡೂ ಪೋಲರೈಸರ್ ಒಂದು ಪ್ಲಸ್ 45 ಒಂದು ಮೈನಸ್ 45 ಇಟ್ಟು ಕೋಇನ್ಸಿಡೆನ್ಸ್ ಅತಿ ಕಮ್ಮಿ ಆಗೋ ಜಾಗದಲ್ಲಿ ನಿಲ್ಲಿಸಿ. ಓರೆ ಮಾಡಿದ್ರೆ ಬೀಮ್ ಸ್ವಲ್ಪ ಸರಿಯತ್ತೆ ಅನ್ನೋ ತಕರಾರಿದ್ರೆ 405ರ ಎರಡು ಕ್ವಾರ್ಟರ್ ವೇವ್ ಪ್ಲೇಟ್ 45ರಲ್ಲಿಟ್ಟು ನಡುವೆ ಹಾಫ್ ವೇವ್ ಪ್ಲೇಟ್ ತಿರುಗಿಸಿ, ಪ್ಲೇಟ್ 1 ಡಿಗ್ರಿ ತಿರುಗಿದ್ರೆ ಫೈ 4 ಡಿಗ್ರಿ ಬದಲಾಗತ್ತೆ. ಇದು ಜಾಮೆಟ್ರಿಕ್ ಫೇಸ್, 1956ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಕೂತು 22ರ ಹುಡುಗ ಪಂಚರತ್ನಂ ಬರೆದಿದ್ದು, ಹೊರಗಿನ ಪ್ರಪಂಚಕ್ಕೆ ಅದರ ಬೆಲೆ ಗೊತ್ತಾಗೋಕೆ 30 ವರ್ಷ ಹಿಡೀತು.

ಫೇಸ್ ಯಾಕೆ ತಪ್ಪಿತು ಅನ್ನೋದೂ ನೋಡಿ, ಇಲ್ಲಾಂದ್ರೆ ನಾಳೆ ಮತ್ತೆ ತಪ್ಪತ್ತೆ. ಬಹಳ ಸಲ ಕಾರಣ ಪಂಪ್ ದಾರಿಯ ಡೈಎಲೆಕ್ಟ್ರಿಕ್ ಕನ್ನಡಿ. 45 ಡಿಗ್ರಿ ಪೋಲರೈಸೇಷನ್ ಅದರ ಮೇಲೆ ಬಿದ್ರೆ ಎಚ್ ಮತ್ತು ವಿ ನಡುವೆ ಫೇಸ್ ಸೇರಿ ಎಲಿಪ್ಟಿಕಲ್ ಆಗಿಬಿಡತ್ತೆ. ಪಂಪ್‌ನ ಹಾಫ್ ವೇವ್ ಪ್ಲೇಟ್ ಕೊನೇ ಕನ್ನಡಿ ಆದಮೇಲೆ ಇಟ್ರೆ ಈ ರಗಳೆ ಇಲ್ಲ. ಪೋಲರೈಸರ್‌ಗೆ ಮುಂಚೆ ಫೈಬರ್ ಇದ್ರೆ ಅದೂ ಅಷ್ಟೇ, ಫೈಬರ್ ಬಾಗಿದಂಗೆ ಪೋಲರೈಸೇಷನ್ ಬದಲಾಗತ್ತೆ, ಎಸಿ ಗಾಳಿ ಬಡಿದ್ರೂ ಬದಲಾಗತ್ತೆ. ಪೋಲರೈಸರ್ ಆದಮೇಲೆ ಫೈಬರ್ ಇದ್ರೆ ಚಿಂತೆ ಇಲ್ಲ.

ಕಲಸಿಹೋಗಿದ್ರೆ

ಕಲಸಿಹೋಗೋದು ಅಂದ್ರೆ ಈ ಜೋಡಿ ಯಾವ ಕ್ರಿಸ್ಟಲ್‌ನಲ್ಲಿ ಹುಟ್ಟಿತು ಅನ್ನೋ ಗುಟ್ಟು ಎಲ್ಲೋ ಬಯಲಾಗ್ತಿದೆ. ಎರಡೇ ದಾರಿ, ಜಾಗ ಅಥವಾ ಸಮಯ.

ಜಾಗ ಮೊದಲು ನೋಡಿ, ಯಾಕಂದ್ರೆ ಏನೂ ಕೊಳ್ಳೋದು ಬೇಡ. ಐರಿಸ್ (ಬೆಳಕು ಹಾಯೋ ರಂಧ್ರ) 5 ಮಿಲಿಮೀಟರ್ ಇದ್ದಿದ್ದು 2ಕ್ಕೆ ಇಳಿಸಿ, ಮೇಲಿನ ಎರಡು ನಂಬರಿನ ಪರೀಕ್ಷೆ ಮತ್ತೆ ಮಾಡಿ. ವರ್ಗಮೂಲ 0.41ರಿಂದ 0.8ಕ್ಕೆ ಹಾರಿದ್ರೆ ಕಾರಣ ಸಿಕ್ತು: ಫೋಟಾನ್ ಹೊರಡೋ ಕೋನ ಬದಲಾದಂಗೆ ಫೈ ಬದಲಾಗ್ತಿದೆ, ದೊಡ್ಡ ಐರಿಸ್ ಬೇರೆ ಬೇರೆ ಫೈ ಎಲ್ಲ ಒಟ್ಟು ಸೇರಿಸಿ ಸರಾಸರಿ ಮಾಡ್ತಿದೆ. ಎಣಿಕೆ ಕಮ್ಮಿ ಆದ್ರೂ ಪರವಾಗಿಲ್ಲ ಅಂದ್ರೆ ಐರಿಸ್ ಹಾಗೇ ಬಿಡಿ, ಬೇಡ ಅಂದ್ರೆ ಎರಡೂ ಫೋಟಾನ್‌ಗಳ ದಾರಿಯಲ್ಲಿ ಆ ವ್ಯತ್ಯಾಸ ಸರಿದೂಗಿಸೋ ಕಾಂಪೆನ್ಸೇಟರ್ ಕ್ರಿಸ್ಟಲ್ ಹಾಕಿಸ್ಬೇಕು. ಇದರ ಜೊತೆಗೇ ಇನ್ನೊಂದು, ಪಂಪ್ ಪೂರ್ತಿ ಎಚ್ ಮಾಡಿ ಕಪ್ಲರ್ (ಬೆಳಕನ್ನ ಫೈಬರ್ ಒಳಗೆ ತುಂಬೋ ಲೆನ್ಸ್) ಎಲ್ಲಿ ಬೆಸ್ಟ್ ಅಂತ ನೋಡಿ, ಪಂಪ್ ಪೂರ್ತಿ ವಿ ಮಾಡಿ ಮತ್ತೆ ನೋಡಿ, ಎರಡು ಸಲಕ್ಕೂ ಬೇರೆ ಬೇರೆ ಜಾಗ ಬಂದ್ರೆ ಎರಡು ಕ್ರಿಸ್ಟಲ್‌ನ ಬೆಳಕಿನ ಉಂಗುರ ಒಂದರ ಮೇಲೊಂದು ಕೂತಿಲ್ಲ. ಕ್ರಿಸ್ಟಲ್ ಓರೆ ತಿದ್ದೋಕೆ ಅನುಮತಿ ಸಿಗೋದು ಈಗ, ಈಗ ಮಾತ್ರ.

ಐರಿಸ್‌ನಿಂದ ಏನೂ ಆಗಲಿಲ್ಲ ಅಂದ್ರೆ ಸಮಯ. ಅಗ್ಗದ 405 ಡಯೋಡ್‌ನ ಬಣ್ಣದ ಅಗಲ 1 ನ್ಯಾನೋಮೀಟರ್ ಇದೆ ಅನ್ಕೊಳ್ಳಿ, ಕೊಹೆರೆನ್ಸ್ ಉದ್ದ ಬರೀ 0.16 ಮಿಲಿಮೀಟರ್. ಕ್ರಿಸ್ಟಲ್ ಒಳಗೆ ನೇರಳೆ ಬೆಳಕು ನಿಧಾನ, 810 ಬೇಗ, ಹಾಗಾಗಿ ಮೊದಲ ಕ್ರಿಸ್ಟಲ್‌ನಲ್ಲಿ ಹುಟ್ಟಿದ ಜೋಡಿ ಎರಡನೇದರಲ್ಲಿ ಹುಟ್ಟಿದ್ದಕ್ಕಿಂತ ಮುಂಚೆ ಹೊರಗೆ ಬರತ್ತೆ. ಈ ಅಂತರ ಕೊಹೆರೆನ್ಸ್‌ಗೆ ಹತ್ತಿರ ಬಂದ್ರೆ ಗುಟ್ಟು ಬಯಲು. ಮದ್ದು ಪಂಪ್ ದಾರಿಯಲ್ಲಿ ಎಚ್ ಮತ್ತು ವಿ ನಡುವೆ ಮುಂಚೆನೇ ಉಲ್ಟಾ ತಡ ಕೊಡೋ ಪ್ರೀ-ಕಾಂಪೆನ್ಸೇಟರ್ ಕ್ರಿಸ್ಟಲ್. ಅದನ್ನ ಹಾಕಿದ ಮೇಲೆ ವಿಸಿಬಿಲಿಟಿ ಇನ್ನೂ ಬಿದ್ರೆ ಬೇಜಾರು ಮಾಡ್ಕೋಬೇಡಿ, 90 ಡಿಗ್ರಿ ತಿರುಗಿಸಿ ಹಾಕಿ, ತಡ ಕಳೆಯೋ ಬದಲು ಕೂಡ್ತಾ ಇತ್ತು, ಅಂದ್ರೆ ರೋಗ ಅದೇ ಅಂತ ಖಾತ್ರಿನೂ ಆಯ್ತು. ಹಾಕಿದ ಮೇಲೆ ಫೈ ಮತ್ತೆ ಬದಲಾಗಿರತ್ತೆ, ಎರಡು ನಂಬರಿನ ಪರೀಕ್ಷೆ ಮತ್ತೊಮ್ಮೆ.

ವಿಸಿಬಿಲಿಟಿ ಬಂತು, ಬೆಲ್ ಟೆಸ್ಟ್ ಸೊನ್ನೆ

ಎಲ್ಲಾ ಕಡೆ 90% ಬಂದ್ರೆ ಬೆಲ್ ಟೆಸ್ಟ್‌ನ ನಾಲ್ಕು ಕೋರಿಲೇಷನ್‌ಗಳಿಂದ ಲೆಕ್ಕ ಹಾಕೋ ಎಸ್ ಅನ್ನೋ ನಂಬರ್ 2.828 ಗುಣಿಸು 0.9, ಅಂದ್ರೆ 2.55 ಹತ್ತಿರ ಬರಬೇಕು. ಒಂದು ಕಡೆ 0 ಮತ್ತು 45, ಇನ್ನೊಂದು ಕಡೆ 22.5 ಮತ್ತು 67.5 ಇಟ್ಟು ಅಳೆದಾಗ 2.55 ಬದಲು ಸೊನ್ನೆಯ ಆಸುಪಾಸು ಬಂದ್ರೆ ಸೋರ್ಸ್‌ನಲ್ಲಿ ಏನೂ ಕೆಟ್ಟಿಲ್ಲ. ಫೈ 0 ಬದಲು 180ರಲ್ಲಿ ಕೂತಿದೆ, ಆಗ ಕೋರಿಲೇಷನ್ ಎರಡು ಕೋನಗಳ ವ್ಯತ್ಯಾಸದ ಬದಲು ಮೊತ್ತವನ್ನ ಅನುಸರಿಸತ್ತೆ, ನಾಲ್ಕು ಪದಗಳಲ್ಲಿ ಎರಡು ಪ್ಲಸ್ ಎರಡು ಮೈನಸ್ ಆಗಿ ಒಂದನ್ನೊಂದು ತಿಂದುಹಾಕ್ತವೆ. 180 ಆಗೋಕೆ ಫೇಸ್ ಪ್ಲೇಟೇ ಕಾರಣ ಆಗ್ಬೇಕಂತಿಲ್ಲ, ಒಂದೇ ಫೋಟಾನ್‌ನ ದಾರಿಯಲ್ಲಿರೋ ಆ ಒಂಟಿ ಕನ್ನಡಿನೂ ಇದನ್ನೇ ಮಾಡತ್ತೆ, ಒಂದು ಪೋಲರೈಸರ್‌ನ ಸ್ಕೇಲ್ ಬೆಳಕು ಬರೋ ಕಡೆಯಿಂದಲೂ ಇನ್ನೊಂದನ್ನ ಹೋಗೋ ಕಡೆಯಿಂದಲೂ ಓದಿದ್ರೂ ಇದೇ ಆಗತ್ತೆ. ಮತ್ತೆ ಅಲೈನ್ ಮಾಡೋದು ಬೇಡ, ಒಂದು ಕಡೆಯ 22.5 ಮತ್ತು 67.5ನ್ನ ಮೈನಸ್ 22.5 ಮತ್ತು ಮೈನಸ್ 67.5 ಮಾಡಿ ಎಣಿಕೆ ತಗೊಳ್ಳಿ, 2.55 ಬರತ್ತೆ.